ದೊಡ್ಡವ್ವನ ಬದುಕನ್ನು ರಂಗಕ್ಕೆ ತರುವಾಗ ಎಷ್ಟನ್ನು ಹೇಳಬಹುದು, ಹೇಗೆ ಹೇಳಬೇಕು?

ಪ್ರಶ್ನೆ: ಹುಬ್ಬಳ್ಳಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಬಿಡುವಿನ ವೇಳೆಯಲ್ಲಿ ಒಂದು ಹವ್ಯಾಸಿ ರಂಗತಂಡದ ಜೊತೆ ಕೆಲಸ ಮಾಡುತ್ತೇನೆ. ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡವ್ವ, ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಅವರಿಗೆ ಈಗ 76 ವರ್ಷ. 28ನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಹಗಲು ಶೇಂಗಾ ಹೊಲಗಳಲ್ಲಿ ಕೂಲಿ ಮಾಡಿ, ರಾತ್ರಿ ಊರವರ ಹಳೆಯ ಬಟ್ಟೆಗಳಿಂದ ಕೌದಿ ಹೊಲಿದುಕೊಟ್ಟು ಇಬ್ಬರು ಮಕ್ಕಳನ್ನು ಬೆಳೆಸಿದವರು ಅವರು. ಎರಡು ವರ್ಷಗಳಿಂದ, ರಜೆಗೆ ಹೋದಾಗಲೆಲ್ಲ, ಅವರ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಒಟ್ಟು 14 ತಾಸಿನಷ್ಟಾಗಿದೆ. ಇದರಿಂದ ಒಂದು ತಾಸಿನ ಏಕವ್ಯಕ್ತಿ ಪ್ರಯೋಗವನ್ನು ಕಟ್ಟಬೇಕೆಂಬ ಆಸೆ ನನ್ನದು.

ಬರೆಯಲು ಕುಳಿತಾಗ ಮೊದಲ ತೊಡಕು ಎದುರಾಯಿತು. “ನಿನ್ನ ಕಥಿ ಹೇಳ ದೊಡ್ಡವ್ವ” ಎಂದರೆ ಅವರು, “ನಂದೇನ್ ಕಥಿ ಐತವ್ವಾ, ಹೊಲಿದ್ನಿ, ಉಂಡ್ನಿ, ಮಲಗಿದ್ನಿ” ಎಂದು ಮುಗಿಸಿಬಿಡುತ್ತಾರೆ. ಆದರೆ ತೊಡೆಯ ಮೇಲೆ ಕೌದಿಯನ್ನು ಹರವಿಕೊಂಡು ಕುಳಿತಾಗ ಅವರೇ ಬೇರೆ. ಇದು ತಂಗಿಯ ಇಳಕಲ್ ಸೀರೆಯ ಅಂಚು, ಇದು ಗಂಡ ಸಂತೆಗೆ ಹೋಗುವಾಗ ಉಡುತ್ತಿದ್ದ ಧೋತರ, ಇದು ಸತ್ತುಹೋದ ನೆರೆಮನೆಯವಳ ಖಣದ ಕುಪ್ಪಸ ಎಂದು ಒಂದೊಂದು ತುಂಡನ್ನೂ ಬೆರಳಿನಿಂದ ಮುಟ್ಟುತ್ತ, ಯಾವ ಇಸವಿಯ ಹಂಗೂ ಇಲ್ಲದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾರೆ. ಕೊನೆಯ ತುಂಡನ್ನು ಹಚ್ಚುವ ಮುನ್ನ ಒಂದು ಚೂರು ರೊಟ್ಟಿಯನ್ನು ಒಳಗಿಟ್ಟು ಹೊಲಿಯುತ್ತಾರೆ, ಕೌದಿ ಹಸಿದಿರಬಾರದಂತೆ. ನಾನು ಬರೆದ ಮೊದಲ ಕರಡು ಹುಟ್ಟು, ಮದುವೆ, ವೈಧವ್ಯ, ದುಡಿಮೆ, ಮಕ್ಕಳ ನೌಕರಿ ಎಂಬ ಸಾಲಿನಲ್ಲಿ ಸಾಗಿತು. ಓದಿ ನೋಡಿದರೆ ಅದರಲ್ಲಿ ದೊಡ್ಡವ್ವ ಇರಲೇ ಇಲ್ಲ, ಯಾರೋ ಒಬ್ಬ ಬಡ ವಿಧವೆ ಇದ್ದಳು.

ಎರಡನೆಯದು ಇನ್ನೂ ಕಠಿಣವಾದದ್ದು. ಒಂದು ರಾತ್ರಿ ತಮ್ಮ ಮೊದಲ ಹೆರಿಗೆಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಿ, “ಇದನ್ನ ಯಾರ ಮುಂದೂ ಆಡಬ್ಯಾಡ” ಎಂದರು. ಮೊಬೈಲು ಧ್ವನಿಮುದ್ರಿಸುತ್ತಲೇ ಇತ್ತು. ಅದನ್ನು ನಾನು ಮರೆತಿದ್ದೆ. ಆ ಸಂಗತಿ ಏನೆಂದು ಇಲ್ಲಿ ಬರೆಯುವುದಿಲ್ಲ. ತಂಡದ ಒಬ್ಬರಿಗೆ ಮಾತ್ರ, ಸಲಹೆಗಾಗಿ, ಹೇಳಿದೆ. ಹೇಳಬಾರದಿತ್ತೇನೋ ಎಂಬ ಅಳುಕು ಈಗಲೂ ಇದೆ. ಅವರು ಅದೇ ನಾಟಕದ ಜೀವಾಳ, ಹೆಸರನ್ನೂ ಊರನ್ನೂ ಬದಲಿಸಿದರೆ ಯಾರಿಗೆ ತಿಳಿಯುತ್ತದೆ ಎನ್ನುತ್ತಾರೆ. ಹೆಸರು ಬದಲಿಸಿದ ಮಾತ್ರಕ್ಕೆ ಕೊಟ್ಟ ಮಾತು ಉಳಿಯುತ್ತದೆಯೇ? ಜೊತೆಗೆ, ಅವರ ಗಟ್ಟಿಯಾದ ಹಳ್ಳಿಯ ಮಾತನ್ನು ಬೆಂಗಳೂರು, ಮೈಸೂರುಗಳ ಪ್ರೇಕ್ಷಕರಿಗಾಗಿ ತಿಳಿಗೊಳಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಶಿವಮೊಗ್ಗದ ರಂಗನಿರ್ದೇಶಕ

ನಿಮ್ಮ ದೊಡ್ಡವ್ವ ತಮ್ಮ ಕಥೆಯನ್ನು ಹೇಳುವ ಕ್ರಮವನ್ನು ನೀವೇ ವಿವರಿಸಿದ್ದೀರಿ, ನಾಟಕದ ರಚನೆ ಅಲ್ಲೇ ಇದೆ. ಇಸವಿಯ ಸಾಲನ್ನು ಕೈಬಿಡಿ, ತುಂಡುಗಳ ಸಾಲನ್ನು ಹಿಡಿಯಿರಿ. ರಂಗದ ಮೇಲೆ ಒಂದು ಅರ್ಧ ಹೊಲಿದ ಕೌದಿಯಿರಲಿ, ನಟಿ ಒಂದು ತಾಸಿನಲ್ಲಿ ನಿಜವಾಗಿಯೂ ಹೊಲಿಯಲಿ. ಧೋತರದಿಂದ ಖಣಕ್ಕೆ ಕೈ ಹೋದಾಗ ಕಾಲ 20 ವರ್ಷ ಹಿಂದಕ್ಕೆ ಸರಿದರೆ ಪ್ರೇಕ್ಷಕರು ಖಂಡಿತ ಜೊತೆಗೆ ಬರುತ್ತಾರೆ, ಏಕೆಂದರೆ ಮನೆಯ ಹಿರಿಯ ಹೆಂಗಸರು ಮಾತನಾಡುವ ರೀತಿಯೇ ಅದು ಎಂಬುದು ಎಲ್ಲರಿಗೂ ಗೊತ್ತು.

ದೊಡ್ಡ ಘಟನೆಯಿಲ್ಲ ಎಂಬ ಚಿಂತೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಅದು ಲೇಖಕಿಯ ಬಂಧುವರ್ಗದಲ್ಲೇ ಬಾಳಿದ, 1840ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ ಒಬ್ಬ ಬಾಲವಿಧವೆಯ ಬದುಕು. ಆಕೆ ಹೇಳಿದ್ದನ್ನು ಲೇಖಕಿಯ ತಾಯಿ ಕೇಳಿಸಿಕೊಂಡು ಮಗಳಿಗೆ ದಾಟಿಸಿದ್ದರು. ಹೆಣ್ಣಿನ ಬಾಯಿಂದ ಹೆಣ್ಣಿನ ಕಿವಿಗೆ ಎರಡು ಸಲ ಸಾಗಿದ ಮೇಲೆ ಅದು ಕಾದಂಬರಿಯಾಗಿದೆ. 112 ವರ್ಷಗಳ ಆ ಬಾಳಿನಲ್ಲಿ ಹೆಚ್ಚಿನದು ಏನು? ನೇಮ, ಉಪವಾಸ, ಅಡುಗೆ, ಬಾಣಂತನ, ಯಾರದೋ ಮಕ್ಕಳಿಗೆ ಎಣ್ಣೆ ನೀರು. ಇಂದಿರಾ ಅವರು ಇವುಗಳನ್ನು ಓಡಿಸಿಬಿಡಲಿಲ್ಲ. ಪುಟದ ಮೇಲೆ ಪುಟ ಆ ಮೌನದ ದುಡಿಮೆಯನ್ನೇ ಬರೆದದ್ದರಿಂದ, ಮಡಿಯ ನಡುವೆಯೇ ಬಾಳಿದ ಆ ಮುದುಕಿ ಊರಿನ ಕಣ್ಣು ತಪ್ಪಿಸಿ ತಳಸಮುದಾಯದ ಹೆಣ್ಣೊಬ್ಬಳ ಹೆರಿಗೆಗೆ ನೆರವಾಗುವ ಗಳಿಗೆ ಬಂದಾಗ ಓದುಗರ ಉಸಿರು ನಿಲ್ಲುತ್ತದೆ. ಆಕೆ ಅಲ್ಲಿ ಜಾತಿಯ ಬಗ್ಗೆ ಒಂದು ಭಾಷಣವನ್ನೂ ಮಾಡುವುದಿಲ್ಲ. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದಾಗ ಎಲ್.ವಿ. ಶಾರದಾ ಅವರ ಅಭಿನಯದಲ್ಲೂ ಆ ಮಿತಭಾಷೆ ಉಳಿಯಿತು. ಬರೆಯುವವರು ಮೊದಲು ಶಿಖರವನ್ನು ಹುಡುಕಿಕೊಂಡು, ಆಮೇಲೆ ಅದಕ್ಕೆ ಮೆಟ್ಟಿಲು ಕಟ್ಟಹೊರಟರೆ ಈ ಫಲ ಸಿಗುವುದಿಲ್ಲ.

ಇನ್ನು ಕೆಲಸದ ಮಾತು. ಆ 14 ತಾಸನ್ನೂ ಒಂದಕ್ಷರ ಬಿಡದೆ ಬರಹಕ್ಕಿಳಿಸಿ. ಕೆಮ್ಮು, ನಡುವೆ ಸುಮ್ಮನಾದದ್ದು, ದನ ಕೂಗಿದ್ದಕ್ಕೆ ಎದ್ದುಹೋದದ್ದು ಎಲ್ಲವೂ ಇರಲಿ. ಬಳಿಕ ಅವರು ಯಾವ ಮಾತನ್ನು ಮತ್ತೆ ಮತ್ತೆ ಆಡುತ್ತಾರೆ ಎಂಬುದನ್ನು ಗುರುತು ಮಾಡಿ. ಸಾಮಾನ್ಯವಾಗಿ ನಾವು ಕತ್ತರಿಸಿ ಹಾಕುವುದು ಅದನ್ನೇ. ನನ್ನ ಅನುಭವದಲ್ಲಿ ನಾಟಕದ ಪಲ್ಲವಿ ಸಿಕ್ಕುವುದು ಕೂಡ ಅಲ್ಲೇ. ಭಾಷೆಯನ್ನು ತಿಳಿಗೊಳಿಸಬೇಡಿ. ವೈದೇಹಿಯವರ ಕಥೆಗಳನ್ನು ಆಧರಿಸಿ ಚಂಪಾ ಶೆಟ್ಟಿಯವರು 2018ರಲ್ಲಿ ತೆರೆಗೆ ತಂದ ‘ಅಮ್ಮಚ್ಚಿಯೆಂಬ ನೆನಪು’ ಕುಂದಾಪುರದ ಕನ್ನಡದಲ್ಲೇ ಇದೆ. ಆ ಕನ್ನಡದ ಪರಿಚಯವಿಲ್ಲದ ನನ್ನ ಮನೆಯವರು ಹತ್ತು ನಿಮಿಷದಲ್ಲಿ ಅದಕ್ಕೆ ಹೊಂದಿಕೊಂಡರು. ರೋಣದ ಮಾತು ಬೆಂಗಳೂರಿಗೆ ಅರ್ಥವಾಗದಷ್ಟು ದೂರದ್ದೇನಲ್ಲ.

ಗುಟ್ಟಿನ ವಿಷಯವನ್ನು ನನಗಿಂತ ಬಲ್ಲವರು ಹೇಳಲಿ.

ಉತ್ತರ: ಜಾನಪದ ಅಧ್ಯಾಪಕಿ, ಧಾರವಾಡ

ತಂಗಿ, ನಿಮ್ಮ ಪ್ರಶ್ನೆಯನ್ನು ಓದಿದಾಗ ನನಗೆ ನೆನಪಾದದ್ದು ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು, ಆಕೆ ಅವನ್ನು ಯಾರಿಗೂ ಹೇಳುತ್ತಿರಲಿಲ್ಲ. ಉಸಿರುಗಟ್ಟಿದ ಅವೆರಡೂ ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಕಥೆ ಬಾಗಿಲಲ್ಲಿ ಜೋಡಾಯಿತು, ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಯಿತು. ಮನೆಗೆ ಬಂದ ಗಂಡ ಯಾರು ಬಂದಿದ್ದಾರೆ ಎಂದು ಜಗಳ ತೆಗೆದು, ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ಯೋತಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವುದು ವಾಡಿಕೆ. ತಡವಾಗಿ ಬಂದ ಅವನ ಮನೆಯ ಜ್ಯೋತಿ ನಡೆದದ್ದನ್ನೆಲ್ಲ ಹೇಳಿತು. ಗಿರೀಶ ಕಾರ್ನಾಡರು ‘ನಾಗಮಂಡಲ’ದ ಆರಂಭದಲ್ಲಿ ಬಳಸಿಕೊಂಡದ್ದು ಈ ಜ್ಯೋತಿಗಳ ಕೂಟವನ್ನೇ. ಮೂಲಕಥೆಯ ಕೊನೆ ಮಾತ್ರ ಬಹಳ ಜನರಿಗೆ ನೆನಪಿರುವುದಿಲ್ಲ. ಬೆಳಗ್ಗೆ ಗಂಡ ಬಂದು ಕಥೆಯ ಬಗ್ಗೆ, ಹಾಡಿನ ಬಗ್ಗೆ ಕೇಳಿದರೆ ಆಕೆ, “ಯಾವ ಕಥೆ? ಯಾವ ಹಾಡು?” ಎನ್ನುತ್ತಾಳೆ. ಅವು ಆಕೆಯ ನೆನಪಿನಿಂದಲೇ ಅಳಿಸಿಹೋಗಿವೆ.

ಕಥೆಯನ್ನು ಕಟ್ಟಿಡಬಾರದು, ಹೇಳಬೇಕು ಎಂಬ ಅರ್ಥವನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಅದು ಸರಿಯೇ. ಆದರೆ ಆ ಹೆಂಗಸಿನ ಬಾಳಿನ ಸತ್ಯವನ್ನು ಆಕೆ ಇಲ್ಲದ ಕೂಟದಲ್ಲಿ ಬೇರೆಯವರು ಆಡಿಕೊಂಡರು, ಆಕೆಯ ಕೈಗೆ ಏನೂ ಮರಳಲಿಲ್ಲ ಎಂಬುದೂ ಅದೇ ಕಥೆಯಲ್ಲಿದೆ. ನಿಮ್ಮ ದೊಡ್ಡವ್ವನ ಸ್ಥಿತಿ ಬೇರೆ. ಅವರು ತಮ್ಮ ಗುಟ್ಟನ್ನು ತಮ್ಮದೇ ಬಾಯಿಂದ, ತಾವೇ ಆರಿಸಿಕೊಂಡ ಒಬ್ಬರ ಮುಂದೆ ಹೇಳಿದ್ದಾರೆ. ಆ ಹೇಳಿಕೆ ಅಲ್ಲಿಗೆ ಪೂರ್ಣವಾಗಿದೆ. ಅದಕ್ಕೆ ಪ್ರೇಕ್ಷಕರ ಅಗತ್ಯವಿಲ್ಲ. ನಮ್ಮ ತಂಡದ ನಾಟಕಕ್ಕೆ ಬೇಕು ಎಂಬುದು ನಿಮ್ಮ ಅಗತ್ಯವೇ ಹೊರತು ಅವರದಲ್ಲ.

ಹೆಂಗಸರು ಹೇಳಬಾರದ್ದನ್ನು ಹೇಳುವ ದಾರಿಗಳನ್ನು ಮೊದಲಿನಿಂದಲೂ ಕಂಡುಕೊಂಡಿದ್ದಾರೆ. ಬೀಸುವ ಕಲ್ಲಿನ ಸದ್ದಿನ ಮರೆಯಲ್ಲಿ, ನಸುಕಿನಲ್ಲಿ, ತ್ರಿಪದಿಯ ಮೂರು ಸಾಲುಗಳೊಳಗೆ ಅತ್ತೆಯ ಕಾಟವನ್ನೂ ಗಂಡನ ಅನ್ಯಾಯವನ್ನೂ ಸತ್ತ ಕೂಸನ್ನೂ ಹಾಡಿಕೊಂಡರು. ಹಾಡಿನಲ್ಲಿ ನೋವು ಖಚಿತವಾಗಿರುತ್ತದೆ, ನೋವುಂಡವಳ ಗುರುತು ಇರುವುದಿಲ್ಲ. ಎದುರು ಕುಳಿತು ಹಿಡಿಗೂಟ ತಿರುಗಿಸುತ್ತಿದ್ದ ನಾದಿನಿಗೆ ಇದು ಯಾರ ಮಾತೆಂದು ತಿಳಿದಿದ್ದರೂ ಕೇಳುವಂತಿರಲಿಲ್ಲ. ಈ ಮರೆಗೆ ಇನ್ನೊಂದು ಮುಖವೂ ಇದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಕಲೆಹಾಕಿದ ‘ಗರತಿಯ ಹಾಡು’ 1931ರಲ್ಲಿ ಬಂತು. ಕನ್ನಡಕ್ಕೆ ಅದು ದೊಡ್ಡ ಉಪಕಾರ, ನಾನು ಆ ಗೆಳೆಯರಿಗೆ ಕೈಮುಗಿಯುತ್ತೇನೆ. ಆದರೂ ಇಂದು ನಮ್ಮ ಬಾಯಲ್ಲಿರುವುದು ಸಂಗ್ರಹಿಸಿದವರ ಹೆಸರು, ಹಾಡಿದ ಗರತಿಯರ ಹೆಸರಲ್ಲ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಸಂತೋಷಕ್ಕೆ ಇದೂ ಒಂದು ಕಾರಣ: ಹಾಡು ಮತ್ತು ಹಾಡಿದವಳ ಹೆಸರು ಒಟ್ಟಿಗೆ ಕೇಳಿಸಿದವು. ಆದ್ದರಿಂದ ದೊಡ್ಡವ್ವನ ಹೆಸರನ್ನು ಹಾಕಬೇಕೋ ಬೇಡವೋ ಎಂಬುದನ್ನೂ ನೀವು ತೀರ್ಮಾನಿಸಬೇಡಿ, ಅವರನ್ನೇ ಕೇಳಿ. ಹೆಸರು ಮರೆಸುವುದು ಯಾವಾಗಲೂ ದೊಡ್ಡ ಉಪಕಾರವೆಂದು ತಿಳಿಯಬಾರದು.

ಕೌದಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯನ್ನು ಮೂಲೆಯಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ, ಕೊನೆಗೆ ಮೂಲೆಗಳಿಗೆ ಹೂವೆಂದು ಕರೆಯುವ ಮಡಿಸಿದ ತುಂಡುಗಳನ್ನು ಹಚ್ಚುತ್ತಾರೆ. ನಡುವಿನ ಸಂಗತಿಯನ್ನು ಕೊನೆಗೆ ಮುಟ್ಟುವ ಈ ಕ್ರಮವನ್ನು ನಾಟಕ ಬರೆಯುವವರು ಗಮನಿಸಬೇಕು. ನಿಮ್ಮ ದೊಡ್ಡವ್ವ ಒಳಗಿಟ್ಟು ಹೊಲಿಯುವ ರೊಟ್ಟಿಯ ಚೂರು ಹೊದ್ದವರ ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ಕೌದಿ ಹಸಿದಿಲ್ಲ. ಆ ಗುಟ್ಟನ್ನು ತಿಳಿದವರೇ ನಾಟಕ ಬರೆಯುತ್ತಿದ್ದೀರಿ ಎಂಬುದು ಸಾಕು, ಅದು ಉಳಿದ ಮಾತುಗಳ ತೂಕದಲ್ಲಿ ಬಂದೇ ಬರುತ್ತದೆ.

ಉತ್ತರ: ಬೀಡಿ ಕಟ್ಟುವವರ ಮಗಳು, ಮಂಗಳೂರು

ನನಗೆ ನಾಟಕದ ಶಾಸ್ತ್ರ ತಿಳಿದಿಲ್ಲ. ನಾಟಕವಾದವಳ ಮಗಳಾಗಿ ಬರೆಯುತ್ತಿದ್ದೇನೆ.

ನನ್ನ ಅಮ್ಮ 30 ವರ್ಷ ಬೀಡಿ ಕಟ್ಟಿದವರು. ಒಂದು ತಂಡದವರು ಬಂದು ಎರಡು ದಿನ ಅವರ ಮಾತು ಕೇಳಿಸಿಕೊಂಡು ಹೋಗಿ, ಕೆಲವು ತಿಂಗಳ ನಂತರ ನಮ್ಮ ಊರಿನ ಶಾಲೆಯ ಮೈದಾನದಲ್ಲೇ ಪ್ರದರ್ಶನ ಮಾಡಿದರು. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಬೀಡಿ ಬ್ರಾಂಚಿನಲ್ಲಿ ಕಟ್ಟುಗಳನ್ನು ಸರಿಯಿಲ್ಲವೆಂದು ಬದಿಗೆ ಸರಿಸಿದಾಗ ಅಮ್ಮನ ಪಾತ್ರದವಳು ಗೆರಸೆಯನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದು ಅತ್ತಳು. ಎಲ್ಲರೂ ಕಣ್ಣೊರೆಸಿಕೊಂಡರು, ಜೋರಾಗಿ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: “ನಾನು ಅಲ್ಲಿ ಅತ್ತದ್ದಲ್ಲ ಮಗಾ, ಜಗಳ ಮಾಡಿದ್ದು.” ನಿಜವಾಗಿ ಅಮ್ಮ ಆ ದಿನ ಬ್ರಾಂಚಿನವನ ಎದುರು ಕಟ್ಟುಗಳನ್ನು ಬಿಚ್ಚಿ ಒಂದೊಂದಾಗಿ ಎಣಿಸಿ ತೋರಿಸಿ, ಅರ್ಧದಷ್ಟನ್ನಾದರೂ ಲೆಕ್ಕಕ್ಕೆ ಹಿಡಿಸಿಕೊಂಡೇ ಬಂದಿದ್ದರು. ಅದನ್ನು ತಂಡದವರಿಗೆ ಹೇಳಿಯೂ ಇದ್ದರು.

ಆ ದೃಶ್ಯ ಸುಳ್ಳಾಗಿತ್ತು ಎಂಬುದಕ್ಕಿಂತ, ಅಮ್ಮ ಗೆದ್ದ ಒಂದೇ ಒಂದು ಜಗಳವನ್ನು ಅವರಿಂದ ಕಿತ್ತುಕೊಂಡರು ಎಂಬುದು ನನ್ನ ಸಂಕಟ. ಬಡ ಹೆಂಗಸು ಅತ್ತರೆ ಮಾತ್ರ ನೋಡುವವರ ಮನಸ್ಸು ಕರಗುತ್ತದೆ ಎಂದು ಯಾರು ತೀರ್ಮಾನಿಸಿದರು? ನಂತರದ ಪ್ರದರ್ಶನಗಳಿಗೆ ಅಮ್ಮ ಹೋಗಲಿಲ್ಲ. ಅದೇ ನಾಟಕದಲ್ಲಿ ನಮ್ಮ ಅಪ್ಪನ ಕುಡಿತದ ವಿಷಯವೂ ಇತ್ತು. ಹೆಸರು ಬದಲಿಸಿದ್ದರು, ಆದರೆ ನಮ್ಮ ಊರಿನಲ್ಲಿ ಅದು ಯಾರೆಂದು ಮಕ್ಕಳಿಗೂ ತಿಳಿದಿತ್ತು.

ನೀವು ಬರೆದದ್ದನ್ನು ಮೊದಲು ದೊಡ್ಡವ್ವನಿಗೆ ಓದಿ ಹೇಳಿ. ಅವರು ತೆಗೆ ಎಂದದ್ದನ್ನು ತೆಗೆಯಿರಿ, ಕಾರಣ ಕೇಳಬೇಡಿ. ಟಿಕೆಟ್ ಇಟ್ಟು ಪ್ರದರ್ಶನ ಮಾಡಿದರೆ ಅವರಿಗೂ ಒಂದು ಪಾಲು ಕೊಡಿ. ಕೌದಿ ಹೊಲಿದುಕೊಟ್ಟಾಗ ಕೂಲಿ ತೆಗೆದುಕೊಂಡವರು ಅವರು, ಕಥೆಗೂ ಅದೇ ಮರ್ಯಾದೆ ಸಲ್ಲಬೇಕು.

ಉತ್ತರ: ಬೆಂಗಳೂರಿನ ಕಥೆಗಾರ

ಮೇಲಿನ ಅನುಭವ ನನ್ನನ್ನು ಕಲಕಿತು. ಆದರೂ ಒಂದು ಭಿನ್ನಾಭಿಪ್ರಾಯವನ್ನು ವಿನಯದಿಂದ ಇಡುತ್ತೇನೆ. ಪ್ರತಿ ಸಾಲಿಗೂ ಒಪ್ಪಿಗೆ ಪಡೆಯಬೇಕೆಂದರೆ ನಮ್ಮ ಸಾಹಿತ್ಯದ ದೊಡ್ಡ ಪಾಲು ಹುಟ್ಟುತ್ತಲೇ ಇರಲಿಲ್ಲ. ಬಾನು ಮುಷ್ತಾಕ್ ಅವರು ಪತ್ರಕರ್ತೆಯಾಗಿ, ಹಾಸನದಲ್ಲಿ ವಕೀಲೆಯಾಗಿ ಎಷ್ಟೋ ಹೆಣ್ಣುಮಕ್ಕಳ ಅಳಲನ್ನು ಹತ್ತಿರದಿಂದ ಕೇಳಿದವರು. ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅವರ 12 ಕಥೆಗಳಲ್ಲಿ ಆ ಲೋಕವಿದೆ, ಆದರೆ ಅವನ್ನು ಯಾರೂ ಇಂಥವಳ ಮೊಕದ್ದಮೆಯ ವರದಿಯೆಂದು ಓದುವುದಿಲ್ಲ. ಕೇಳಿದ್ದು ಒಳಗೆ ಬಹುಕಾಲ ಕುಳಿತು, ಬೇರೆ ಹತ್ತು ಬದುಕುಗಳ ಜೊತೆ ಬೆರೆತು, ಬೇರೆಯೇ ಹೆಂಗಸಾಗಿ ಎದ್ದು ಬರಬೇಕು. ವೈದೇಹಿಯವರ ಕಥೆಯಲ್ಲಿ ಗುಲಾಬಿ ಎಂಬುದು ಟಾಕೀಸಿನ ಹೆಸರು, ಸೂಲಗಿತ್ತಿಯ ಹೆಸರು ಲಿಲ್ಲೀಬಾಯಿ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಚಿತ್ರ ಮಾಡಿದಾಗ ಗುಲಾಬಿ ಎಂಬುದೇ ಆ ಸೂಲಗಿತ್ತಿಯ ಹೆಸರಾಯಿತು. ಆಕೆ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಹೆಂಗಸಾದಳು, ಟಾಕೀಸಿನ ಜಾಗಕ್ಕೆ ಮನೆಯ ಟಿ.ವಿ. ಬಂತು. ಅಷ್ಟು ದೂರ ಸಾಗಿದ ಮೇಲೂ ಮೂಲದ ಜೀವ ಉಳಿಯಬಲ್ಲದು.

ಆದ್ದರಿಂದ ನನ್ನ ಸಲಹೆ ಇದು. ಇದು ನನ್ನ ದೊಡ್ಡವ್ವನ ಕಥೆ ಎಂದು ಹೇಳಿ ರಂಗಕ್ಕೆ ತರುವುದಾದರೆ ಅವರ ಮಾತಿಗೆ, ಅವರು ಎಳೆದ ಗೆರೆಗೆ ಪೂರ್ತಿಯಾಗಿ ಬದ್ಧರಾಗಿರಿ. ಸ್ವಾತಂತ್ರ್ಯ ಬೇಕಾದರೆ ಆ ಕೌದಿ, ರೋಣ, ಶೇಂಗಾ ಹೊಲ ಎಲ್ಲವನ್ನೂ ಬಿಟ್ಟು ಬೇರೊಂದು ಬರೆಯಿರಿ. ಸತ್ಯಕಥೆ ಎಂಬ ಹೆಸರಿನ ಬಲವನ್ನೂ ಬಳಸಿಕೊಂಡು, ಹೆಸರು ಬದಲಿಸಿದ್ದೇವೆ ಎಂಬ ರಕ್ಷಣೆಯನ್ನೂ ಪಡೆಯುವುದು ಸಲ್ಲದು. ನಿಮ್ಮ ತಂಡದವರು ಕೇಳುತ್ತಿರುವುದು ಅದನ್ನೇ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಎರಡನೆಯ ಕರಡನ್ನು ತುಂಡುಗಳ ಕ್ರಮದಲ್ಲಿ ಬರೆದು, ಕಳೆದ ಶನಿವಾರ ಊರಿಗೆ ಹೋಗಿ ದೊಡ್ಡವ್ವನಿಗೆ ಓದಿ ಹೇಳಿದೆ. ಅವರು ಹೊಲಿಗೆಯನ್ನು ನಿಲ್ಲಿಸದೆ ಕೇಳಿದರು. ಎರಡು ಕಡೆ ತಡೆದರು. ಹಸಿರು ತುಂಡು ತಂಗಿಯ ಸೀರೆಯದೆಂದು ಬರೆದಿದ್ದೆ, ಅದು ಅವರ ಅತ್ತೆಯದಂತೆ. ಅತ್ತೆಯ ಬಗ್ಗೆ 14 ತಾಸಿನಲ್ಲಿ ಬೈಗುಳವಲ್ಲದೆ ಬೇರೇನೂ ಇರಲಿಲ್ಲವಾದ್ದರಿಂದ ನನಗೆ ಆಶ್ಚರ್ಯವಾಯಿತು. ಗಂಡ ಸತ್ತ ವರ್ಷದ ಚಳಿಗಾಲದಲ್ಲಿ ಆ ಮುದುಕಿ ತನ್ನ ಪೆಟ್ಟಿಗೆಯಿಂದ ಆ ಸೀರೆಯನ್ನು ತೆಗೆದು, ಒಂದು ಮಾತೂ ಆಡದೆ ಇವರ ಮುಂದೆ ಇಟ್ಟು ಹೋಗಿದ್ದರಂತೆ. ಇವರು ಕೂಲಿಗಾಗಿ ಹೊಲಿಯಲು ತೊಡಗಿದ್ದು ಆಮೇಲೆ. ಕರಡನ್ನು ಓದಿ ಹೇಳದೇ ಇದ್ದಿದ್ದರೆ ಇದು ನನಗೆ ಎಂದೂ ತಿಳಿಯುತ್ತಿರಲಿಲ್ಲ. ಈಗ ನಾಟಕ ಆ ಹಸಿರು ತುಂಡಿನಿಂದಲೇ ಆರಂಭವಾಗುತ್ತದೆ.

ಆ ರಾತ್ರಿಯ ಧ್ವನಿಮುದ್ರಣ ನನ್ನ ಬಳಿ ಉಳಿದಿದೆ ಎಂದು ಅವರಿಗೆ ತಿಳಿಸಿದೆ, ತಂಡದ ಒಬ್ಬರಿಗೆ ಹೇಳಿದ್ದನ್ನೂ ಒಪ್ಪಿಕೊಂಡೆ. ಬಹಳ ಹೊತ್ತು ಅವರು ಏನೂ ಅನ್ನಲಿಲ್ಲ. ಆಮೇಲೆ ಮೊಬೈಲನ್ನು ಕೈಗೆ ತೆಗೆದುಕೊಂಡು, “ಅದನ್ನ ಅಳಸ” ಎಂದರು. ಅವರ ಎದುರಿನಲ್ಲೇ ಅಳಿಸಿದೆ. ತಂಡದ ಆ ಗೆಳೆಯರಿಗೂ ಈ ವಿಷಯವನ್ನು ಇನ್ನು ಎಲ್ಲೂ ಎತ್ತಬಾರದೆಂದು ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ಹೆಸರಿನ ಬಗ್ಗೆ ಕೇಳಿದ್ದಕ್ಕೆ, ಹೆಸರಿರಲಿ ಎಂದರು, ಮನೆತನದ ಅಡ್ಡಹೆಸರು ಬೇಡವೆಂದರು. ಇನ್ನೊಂದು ಷರತ್ತೂ ಇದೆ: “ಹೊಲಿಗಿ ಬರದಾಕಿ ನನ್ನಂಗ ಕುಂತ್ರ ಊರಾಗ ನಗತಾರ.” ಹಾಗಾಗಿ ನಮ್ಮ ನಟಿ ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹೊಲಿಗೆ ಕಲಿಯಲಿದ್ದಾರೆ. ಮೊದಲ ಪ್ರದರ್ಶನ, ಶೇಂಗಾ ಕಿತ್ತ ಮೇಲೆ, ದೊಡ್ಡವ್ವನ ಮನೆಯ ಅಂಗಳದಲ್ಲೇ ನಡೆಯಬೇಕೆಂದು ನಿಶ್ಚಯಿಸಿದ್ದೇವೆ.

ಶಿವಮೊಗ್ಗದ ನಿರ್ದೇಶಕರಲ್ಲಿ ಒಂದು ಕೇಳಿಕೆ. ಅಂಗಳದಲ್ಲಿ ಒಂದು ಬೇವಿನ ಮರವಿದೆ, ವಿದ್ಯುತ್ತು ರಾತ್ರಿ ಎಂಟರ ನಂತರ ಎಷ್ಟು ಹೊತ್ತು ಇರುತ್ತದೆಂಬ ಭರವಸೆಯಿಲ್ಲ. ಸೂಜಿಯ ಓಡಾಟ ಮೂರನೆಯ ಸಾಲಿನವರಿಗೂ ಕಾಣುವಂತೆ ಕಂದೀಲುಗಳನ್ನೇ ನಂಬಿ ಬೆಳಕನ್ನು ಹೊಂದಿಸಲು ಸಾಧ್ಯವೇ?

ಉತ್ತರ: ಶಿವಮೊಗ್ಗದ ರಂಗನಿರ್ದೇಶಕ

ಸಾಧ್ಯವಿದೆ. ನಾಲ್ಕು ಕಂದೀಲುಗಳು ಸಾಕು. ಎರಡನ್ನು ನೆಲದ ಮೇಲೆ ನಟಿಯ ಮೊಣಕಾಲಿನ ಹತ್ತಿರ, ಎರಡನ್ನು ಮರದ ಕೊಂಬೆಗೆ ಅವರ ತಲೆಗಿಂತ ಸ್ವಲ್ಪ ಹಿಂದಕ್ಕೆ ತೂಗುಹಾಕಿ. ಬಿಳಿ ದಾರವನ್ನೇ ಬಳಸಿ, ಕೌದಿಯ ಆ ಭಾಗದಲ್ಲಿ ಕಡುಬಣ್ಣದ ತುಂಡುಗಳಿರಲಿ. ಪ್ರೇಕ್ಷಕರನ್ನು ಮೂರು ಕಡೆಯಿಂದ ಹತ್ತಿರಕ್ಕೆ, ನೆಲದ ಮೇಲೆ ಕೂರಿಸಿ. ದೊಡ್ಡವ್ವನನ್ನು ಮಾತ್ರ ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಅವರು ತಮ್ಮ ಕಟ್ಟೆಯ ಮೇಲೆ, ತಮಗೆ ಬೇಕಾದಾಗ ಎದ್ದು ಒಳಗೆ ಹೋಗಬಹುದಾದ ಕಡೆ ಕುಳಿತುಕೊಳ್ಳಲಿ.